ಎಡಗಡೆಯ ಗಾಲಿ: ಸೈಡ್‌ಕಾರ್ ಮೋಟರ್‌ಸೈಕಲ್ಲು ಮತ್ತು ಬೀದರ್ ಸೀಮೆಯ ದಾರಿಗಳು

ಮೋಟರ್‌ಸೈಕಲ್ಲಿನ ಒಂದು ಮಗ್ಗುಲಿಗೆ, ಒಂದೇ ಗಾಲಿಯ ಮೇಲೆ ನಿಂತ ಕೂರುವ ಪೆಟ್ಟಿಗೆಯನ್ನು ಬಿಗಿದರೆ ಅದು ಸೈಡ್‌ಕಾರ್ ಮೋಟರ್‌ಸೈಕಲ್ಲು. ರಸ್ತೆಯ ಎಡಬದಿಯಲ್ಲಿ ಓಡಾಡುವ ಭಾರತ, ಬ್ರಿಟನ್ನಿನಂಥ ದೇಶಗಳಲ್ಲಿ ಈ ಪೆಟ್ಟಿಗೆ ಎಡಕ್ಕಿರುತ್ತದೆ; ಬಲಬದಿಯ ರೂಢಿಯಿರುವ ಜರ್ಮನಿ, ರಷ್ಯಾಗಳಲ್ಲಿ ಬಲಕ್ಕೆ. ಇದರಿಂದ ಸವಾರ ರಸ್ತೆಯ ನಡುಗೆರೆಗೆ ಹತ್ತಿರ ಕೂತು ಎದುರಿನ ವಾಹನಗಳನ್ನು ನೋಡಬಲ್ಲ, ಪಕ್ಕದಲ್ಲಿ ಕೂತವರು ರಸ್ತೆಯಂಚಿಗೆ ಇಳಿಯಬಲ್ಲರು. ಮೂರು ಗಾಲಿಗಳಿದ್ದರೂ ಇದು ಆಟೋರಿಕ್ಷಾದ ಜಾತಿಗೆ ಸೇರಿದ್ದಲ್ಲ. ಆಟೋದಲ್ಲಿ ಎಂಜಿನ್ನು, ಆಸನ, ಗಾಲಿ ಎಲ್ಲವೂ ನಡುಗೆರೆಯ ಎರಡೂ ಬದಿಗೆ ಸರಿಸುಮಾರು ಸಮನಾಗಿ ಹಂಚಿಕೊಂಡಿರುತ್ತವೆ. ಸೈಡ್‌ಕಾರ್ ಗಾಡಿಯಲ್ಲಿ ಎಳೆಯುವ ಬಲವೆಲ್ಲ ಒಂದು ಬದಿಗೆ, ಎಳೆಸಿಕೊಳ್ಳುವ ಭಾರ ಇನ್ನೊಂದು ಬದಿಗೆ. ಈ ಓರೆತನವೇ ಅದರ ಗುಣಕ್ಕೂ ತೊಡಕಿಗೂ ಮೂಲ. ಒಂದು ಶತಮಾನಕ್ಕೂ ಹೆಚ್ಚು ಕಾಲ ಈ ವಾಹನದ ಮೇಲೆ ನಡೆದ ತಾಂತ್ರಿಕ ಕೆಲಸವೆಲ್ಲ ಆ ಓರೆಯನ್ನು ಪಳಗಿಸುವ ಕೆಲಸ.

ಮೋಟರ್‌ಸೈಕಲ್ಲು ಹುಟ್ಟಿದ ಮೊದಲ ವರ್ಷಗಳಲ್ಲಿ ಇನ್ನೊಬ್ಬರನ್ನು ಎಲ್ಲಿ ಕೂರಿಸುವುದು ಎಂಬುದೇ ಪ್ರಶ್ನೆಯಾಗಿತ್ತು. ಹಿಂದೆ ಗಾಡಿ ಕಟ್ಟಿ ಎಳೆದರೆ ಅದರಲ್ಲಿ ಕೂತವರಿಗೆ ಧೂಳು, ಹೊಗೆ ಎರಡೂ ಪಾಲಾಗುತ್ತಿತ್ತು. ಮುಂದೆ ಆಸನ ಕಟ್ಟಿದರೆ ಅಪಘಾತದ ಮೊದಲ ಪೆಟ್ಟು ಅಲ್ಲಿ ಕೂತವರಿಗೇ. ಪಕ್ಕಕ್ಕೆ ಕೂರಿಸುವ ಉಪಾಯ ಫ್ರಾನ್ಸಿನಲ್ಲಿ 1890ರ ದಶಕದಲ್ಲಿ ಸೈಕಲ್ಲಿಗಾಗಿ ಹೊಳೆಯಿತು; 1903ರಲ್ಲಿ ಇಂಗ್ಲೆಂಡಿನ ಡಬ್ಲ್ಯು.ಜೆ. ಗ್ರಹಾಂ ಮೋಟರ್‌ಸೈಕಲ್ಲಿನ ಸೈಡ್‌ಕಾರಿಗೆ ಪೇಟೆಂಟ್ ಪಡೆದರು. ಹತ್ತು ವರ್ಷದೊಳಗೆ ಅದು ಬ್ರಿಟನ್ನಿನ ಮಧ್ಯಮ ವರ್ಗದ ಕುಟುಂಬ ವಾಹನವಾಯಿತು. ಬರ್ಮಿಂಗ್‌ಹ್ಯಾಮಿನ ವಾಟ್ಸೋನಿಯನ್ ಕಂಪನಿ 1912ರಲ್ಲಿ ಹುಟ್ಟಿದ್ದು ಸೈಡ್‌ಕಾರ್ ಮಾಡಲೆಂದೇ. 1922ರಲ್ಲಿ ಬ್ಲ್ಯಾಕ್‌ಪೂಲ್‌ನಲ್ಲಿ ವಿಲಿಯಂ ಲಯನ್ಸ್ ಮತ್ತು ವಿಲಿಯಂ ವಾಮ್ಸ್‌ಲಿ ಕಟ್ಟಿದ ಸ್ವಾಲೋ ಸೈಡ್‌ಕಾರ್ ಕಂಪನಿಯೇ ಮುಂದೆ ಜಾಗ್ವಾರ್ ಕಾರಿನ ಕಂಪನಿಯಾಗಿ ಬೆಳೆಯಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ಸೈಡ್‌ಕಾರುಗಳ ಮೇಲೆ ವಿಕರ್ಸ್ ಮಷಿನ್‌ಗನ್ ಕೂರಿಸಿತು. ಆ ಕೆಲಸಕ್ಕೆ ಗಾಡಿ ಕೊಟ್ಟವರಲ್ಲಿ ರಾಯಲ್ ಎನ್‌ಫೀಲ್ಡ್ ಕೂಡ ಇತ್ತು. ಅರ್ಧ ಶತಮಾನದ ಬಳಿಕ ದಕ್ಷಿಣ ಭಾರತದ ಪ್ರತಿ ಊರಿಗೂ ಪರಿಚಯವಾದ ಹೆಸರು ಅದು.

ಪಶ್ಚಿಮದಲ್ಲಿ ಸೈಡ್‌ಕಾರ್ ಹೀಗೆ ಮನೆಮನೆಗೆ ಸೇರುತ್ತಿದ್ದ ಹೊತ್ತಿಗೆ ಬೀದರ್ ನಿಜಾಮರ ಹೈದರಾಬಾದ್ ಸಂಸ್ಥಾನದ ಒಂದು ಜಿಲ್ಲೆ. ಆಗಿನ ಜಿಲ್ಲೆ ಈಗಿನದಕ್ಕಿಂತ ದೊಡ್ಡದು. ಉದಗೀರ, ನಿಲಂಗಾ, ಅಹಮದ್‌ಪುರ, ಜಹೀರಾಬಾದ್, ನಾರಾಯಣಖೇಡ ಎಲ್ಲ ಅದರಲ್ಲಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಮರಾಠಿ ಮತ್ತು ತೆಲುಗು ಸೀಮೆಗಳಿಗೆ ಹೋಗಿ, ಬೀದರ್, ಭಾಲ್ಕಿ, ಔರಾದ, ಹುಮನಾಬಾದ, ಬಸವಕಲ್ಯಾಣ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಮೋಟರು ಯುಗ ಇಲ್ಲಿಗೆ ಬಂದದ್ದು ರೈಲಿನ ಜೊತೆಜೊತೆಗೆ. ವಿಕಾರಾಬಾದ್‌ನಿಂದ ಹೊರಟ ರೈಲುದಾರಿ 1930ರ ದಶಕದ ಆರಂಭಕ್ಕೆ ಬೀದರ್, ಭಾಲ್ಕಿ, ಕಮಲನಗರ ಮುಟ್ಟಿ ಪರಳಿಯತ್ತ ಸಾಗಿತು. ಅದೇ ಕಾಲಕ್ಕೆ, 1932ರ ಜೂನ್‌ನಲ್ಲಿ, ನಿಜಾಮ್ ಸ್ಟೇಟ್ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 27 ಬಸ್ಸು ಮತ್ತು 166 ನೌಕರರೊಂದಿಗೆ ಕೆಲಸ ಶುರುಮಾಡಿತು. ಸಂಸ್ಥಾನವೊಂದು ಬಸ್ಸು ಸಾರಿಗೆಯನ್ನು ತಾನೇ ನಡೆಸಿದ ಮೊದಲ ಉದಾಹರಣೆಗಳಲ್ಲಿ ಇದೊಂದು.

ಔರಾದ ಪಟ್ಟಣಕ್ಕೆ ಮಾತ್ರ ರೈಲು ಬರಲಿಲ್ಲ. ತಾಲ್ಲೂಕಿನ ಪಶ್ಚಿಮದಂಚಿನ ಕಮಲನಗರಕ್ಕೆ ಹೋಗಿಯೇ ರೈಲು ಹತ್ತಬೇಕಾಗಿತ್ತು. ಬೀದರಿಗೆ ಬರುವುದಾದರೆ ಮಾಂಜ್ರಾ ನದಿ ದಾಟಿ ಸುಮಾರು 45 ಕಿಲೋಮೀಟರ್ ರಸ್ತೆ. ಭಾಲ್ಕಿಗೆ ರೈಲು ಉಂಟು, ಆದರೆ ತಾಲ್ಲೂಕಿನ ಹಳ್ಳಿಗಳಿಗೆ ಬಂಡಿದಾರಿಯೇ ಗತಿ. ಈ ಸೀಮೆಯ ನೆಲವೂ ಒಂದೇ ಬಗೆಯದಲ್ಲ. ಬೀದರ್ ನಗರ ಸಮುದ್ರಮಟ್ಟದಿಂದ ಸುಮಾರು 2,300 ಅಡಿ ಎತ್ತರದ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಅಲ್ಲಿನ ದಾರಿ ಕೆಂಪು ಮುರುಮಿನದು, ಮಳೆ ಬಿದ್ದರೂ ನೀರು ಬೇಗ ಬಸಿದು ಗಟ್ಟಿಯಾಗುತ್ತದೆ. ಪ್ರಸ್ಥಭೂಮಿ ಇಳಿದು ಭಾಲ್ಕಿ, ಔರಾದಗಳ ಕಡೆಗೆ ಹೊರಟರೆ ಎರೆಭೂಮಿ. ಬೇಸಿಗೆಯಲ್ಲಿ ಬಿರುಕು, ಮಳೆಗಾಲದಲ್ಲಿ ಗಾಲಿಗೆ ಅಂಟಿಕೊಂಡು ಬಿಡದ ಜಿಗಟು. ದೇವಣಿ ತಳಿಯ ಎತ್ತುಗಳು ಈ ಭಾಗದಲ್ಲೇ ಬೆಳೆದು ನಿಂತದ್ದಕ್ಕೆ ಈ ನೆಲದಲ್ಲಿ ನೇಗಿಲು, ಬಂಡಿ ಎಳೆಯಲು ಬೇಕಾದ ಕಸುವೂ ಒಂದು ಕಾರಣ. ಕುಟುಂಬವನ್ನೋ ಸಾಮಾನನ್ನೋ ಹೊತ್ತ ಸಣ್ಣ ಮೋಟರು ವಾಹನ ಇಂಥ ದಾರಿಯಲ್ಲಿ ಏನೇನು ಎದುರಿಸಬೇಕು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸೈಡ್‌ಕಾರಿನ ಒಂದೊಂದು ಅಂಗದ ಅರ್ಥವೂ ಬಿಚ್ಚಿಕೊಳ್ಳುತ್ತದೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆ ಬಿಟ್ಟುಕೊಟ್ಟ ಮೋಟರ್‌ಸೈಕಲ್ಲುಗಳು ಭಾರತದ ಮಾರುಕಟ್ಟೆಗೆ ಬಂದವು. ಅವುಗಳಲ್ಲಿ ಹೆಸರಾದದ್ದು ಬಿಎಸ್‌ಎ ಎಂ20. ಯುದ್ಧಕಾಲದಲ್ಲಿ 1,26,000ದಷ್ಟು ತಯಾರಾದ ಈ ಗಾಡಿಯ ಒಂಟಿ ಸಿಲಿಂಡರು 496 ಸಿಸಿ, ಶಕ್ತಿ ಕೇವಲ 13 ಅಶ್ವಶಕ್ತಿ. ಆದರೆ ಕಡಿಮೆ ವೇಗದಲ್ಲಿ ಅದರ ಎಳೆತ ಗಟ್ಟಿ. ಕಂಪ್ರೆಷನ್ ಐದಕ್ಕಿಂತ ಕಡಿಮೆಯಿದ್ದುದರಿಂದ ಕೀಳುದರ್ಜೆಯ ಪೆಟ್ರೋಲಿನಲ್ಲೂ ಓಡುತ್ತಿತ್ತು. ದೆಹಲಿಯಲ್ಲಿ ಇದೇ ಬಗೆಯ ಯುದ್ಧಶೇಷದ ಹಾರ್ಲೆ ಡೇವಿಡ್‌ಸನ್‌ಗಳ ಹಿಂಭಾಗ ಕಡಿದು, ಸಾಲು ಆಸನ ಕೂರಿಸಿ, ಬಾಡಿಗೆಯ ಫಟ್‌ಫಟಿಗಳನ್ನು ಮಾಡಿದರು. ಸೈಡ್‌ಕಾರಿಗೆ ಅಷ್ಟು ಕಡಿದು ಬೆಸೆಯುವ ಕೆಲಸವಿಲ್ಲ; ಬೇಡವಾದಾಗ ಬಿಚ್ಚಿಡಬಹುದು ಎಂಬುದೇ ಅದರ ದೊಡ್ಡ ಅನುಕೂಲ.

ಹೊಸ ಗಾಡಿಗಳ ಕಥೆ 1955ರಿಂದ ಶುರುವಾಗುತ್ತದೆ. ಭಾರತೀಯ ಸೇನೆಯ ಗಡಿ ಕಾವಲಿಗೆ 350 ಸಿಸಿ ಬುಲೆಟ್ ಆಯ್ಕೆಯಾದ ಬಳಿಕ ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಮತ್ತು ಮದ್ರಾಸ್ ಮೋಟರ್ಸ್ ಸೇರಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿದವು. ತಿರುವೊಟ್ಟಿಯೂರಿನಲ್ಲಿ ಕಾರ್ಖಾನೆ ಎದ್ದಿತು. ಬುಲೆಟ್ಟಿನ ಸಿಲಿಂಡರಿನ ಒಳವ್ಯಾಸ 70 ಮಿಲಿಮೀಟರ್, ಪಿಸ್ಟನ್ನಿನ ಓಟ 90. ಒಟ್ಟು 346 ಸಿಸಿ. ವ್ಯಾಸಕ್ಕಿಂತ ಓಟ ಉದ್ದವಿರುವ, ಭಾರವಾದ ಫ್ಲೈವೀಲಿನ ಇಂಥ ಎಂಜಿನ್ನು ವೇಗಕ್ಕಿಂತ ಎಳೆತಕ್ಕೆ ಹೆಸರುವಾಸಿ. ಸೈಡ್‌ಕಾರಿಗೆ ಬೇಕಾದ್ದೂ ಅದೇ. ಮೈಸೂರಿನಲ್ಲಿ ಇರಾನಿ ಮನೆತನದ ಐಡಿಯಲ್ ಜಾವಾ 1961ರಲ್ಲಿ ಚೆಕೊಸ್ಲೊವಾಕಿಯಾದ ಜಾವಾ 250 ಗಾಡಿಗಳನ್ನು ಕಟ್ಟತೊಡಗಿತು. 1973ರಿಂದ ಅದೇ ಗಾಡಿ ಯೆಜ್ಡಿ ಆಯಿತು. ಜಾವಾದ ತವರಿನಲ್ಲಿ ಅದಕ್ಕೆ ಹೊಂದುವ ವೆಲೊರೆಕ್ಸ್ ಸೈಡ್‌ಕಾರ್ ಬಹಳ ಜನಪ್ರಿಯ. ಆದರೂ ಭಾರತದಲ್ಲಿ ಸೈಡ್‌ಕಾರ್ ಎಂದರೆ ಕಣ್ಣಮುಂದೆ ಬರುವುದು ಎರಡೇ: ಸರಕಾರಿ ಕೆಲಸದ ಬುಲೆಟ್ಟು ಮತ್ತು ಕುಟುಂಬದ ಸ್ಕೂಟರು. ಲ್ಯಾಂಬ್ರೆಟಾ, ಬಜಾಜ್ ಚೇತಕ್‌ಗಳ ಪಕ್ಕದಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ನೋಟ 1970, 80ರ ದಶಕಗಳಲ್ಲಿ ಉತ್ತರ ಭಾರತದ ನಗರಗಳಲ್ಲಿ ಸಾಮಾನ್ಯವಾಗಿತ್ತು.

ಇನ್ನು ಜೋಡಣೆಯ ವಿಷಯ. ಸೈಡ್‌ಕಾರಿನ ಕೊಳವೆ ಚಾಸಿಸ್ ಮೋಟರ್‌ಸೈಕಲ್ಲಿಗೆ ಮೂರು ಅಥವಾ ನಾಲ್ಕು ಕಡೆ ಬಿಗಿಯಾಗುತ್ತದೆ. ಕೆಳಗಿನ ಎರಡು ಕೊಂಡಿಗಳು ಭಾರ ಹೊರುತ್ತವೆ: ಒಂದು ಎಂಜಿನ್ನಿನ ಮುಂದೆ ಕೆಳಕ್ಕೆ, ಇನ್ನೊಂದು ಹಿಂಗಾಲಿಯ ಹತ್ತಿರ. ಮೇಲಿನ ಎರಡು ಸರಳುಗಳು, ಒಂದು ಟ್ಯಾಂಕಿನ ಕೆಳಗಿನ ಮುಂಗೊಳವೆಗೆ, ಇನ್ನೊಂದು ಸೀಟಿನ ಅಡಿಗೆ, ಗಾಡಿ ನಿಲ್ಲುವ ಕೋನವನ್ನು ನಿರ್ಧರಿಸುತ್ತವೆ. ಸರಳಿನ ತುದಿಗೆ ತಿರುಪು ಇರುವುದರಿಂದ ಪಾನಾ ಹಿಡಿದು ಉದ್ದ ಹೆಚ್ಚುಕಡಿಮೆ ಮಾಡಬಹುದು. ಹಳೆಯ ಬುಲೆಟ್ಟಿನಲ್ಲಿ ಒಂದು ಸೂಕ್ಷ್ಮವಿದೆ. ಅದರ ಫ್ರೇಮು ಎಂಜಿನ್ನಿನ ಕೆಳಗೆ ತೊಟ್ಟಿಲಂತೆ ಸುತ್ತಿಬರುವುದಿಲ್ಲ. ಮುಂದಿನ ಒಂಟಿ ಕೊಳವೆ ಎಂಜಿನ್ನಿನ ತಗಡುಗಳಿಗೆ ಬಂದು ಮುಗಿಯುತ್ತದೆ, ಎಂಜಿನ್ನೇ ಫ್ರೇಮಿನ ಒಂದು ಭಾಗವಾಗಿ ಕೆಲಸ ಮಾಡುತ್ತದೆ. ಹಾಗಾಗಿ ಕಂಡಕಂಡಲ್ಲಿ ಕ್ಲ್ಯಾಂಪು ಬಿಗಿದರೆ ಪಕ್ಕದ ಎಳೆತಕ್ಕೆ ಫ್ರೇಮು ತಿರುಚುತ್ತದೆ, ಬೋಲ್ಟು ಸಡಿಲಾಗುತ್ತದೆ. ಬಲ್ಲ ಮಿಸ್ತ್ರಿ ಮೊದಲು ಗಾಡಿಗೆ ಒಂದು ಉಪಚೌಕಟ್ಟು ಕಟ್ಟಿ, ಆಮೇಲೆ ಅದಕ್ಕೆ ಸೈಡ್‌ಕಾರ್ ಸೇರಿಸುತ್ತಾನೆ.

ಸೇರಿಸಿದ ಮೇಲೆ ಮೂರು ಅಳತೆಗಳು ಕೂಡಿಬರಬೇಕು. ಇಲ್ಲಿಯೇ ಮಿಸ್ತ್ರಿಯ ಕೈಚಳಕ ತಿಳಿಯುವುದು. ಸಮತಟ್ಟಾದ ಸಿಮೆಂಟು ನೆಲದ ಮೇಲೆ ಗಾಡಿ ನಿಲ್ಲಿಸಿ, ಮೋಟರ್‌ಸೈಕಲ್ಲಿನ ಎರಡೂ ಟೈರುಗಳಿಗೆ ತಾಗುವಂತೆ ಒಂದು ನೇರವಾದ ಹಲಗೆ, ಸೈಡ್‌ಕಾರಿನ ಟೈರಿಗೆ ತಾಗುವಂತೆ ಇನ್ನೊಂದು ಹಲಗೆ ಇಡುತ್ತಾರೆ. ಎರಡೂ ಹಲಗೆಗಳ ನಡುವಿನ ಅಂತರವನ್ನು ಹಿಂದೆ ಒಮ್ಮೆ, ಮುಂದೆ ಒಮ್ಮೆ ಅಳೆಯುತ್ತಾರೆ. ಮುಂದಿನ ಅಂತರ ಹಿಂದಿನದಕ್ಕಿಂತ ಅರ್ಧದಿಂದ ಮುಕ್ಕಾಲು ಇಂಚು ಕಡಿಮೆ ಇರಬೇಕು. ಅಂದರೆ ಸೈಡ್‌ಕಾರಿನ ಗಾಲಿ ಕೂದಲೆಳೆಯಷ್ಟು ಒಳಮುಖವಾಗಿರುತ್ತದೆ. ಎಡಗಡೆಯ ಭಾರ ಗಾಡಿಯನ್ನು ಸದಾ ಎಡಕ್ಕೆ ಜಗ್ಗುವುದರಿಂದ ಆ ಗಾಲಿ ಬಲಕ್ಕೆ ತುಸು ಮುಖಮಾಡಿ ಜಗ್ಗಾಟವನ್ನು ಸರಿದೂಗಿಸುತ್ತದೆ. ಅಳತೆ ಕಡಿಮೆಯಾದರೆ ಸವಾರನ ತೋಳು ಸೋಲುತ್ತದೆ, ಹೆಚ್ಚಾದರೆ ಟೈರು ಉಜ್ಜಿ ಉಜ್ಜಿ ಬೇಗ ಸವೆಯುತ್ತದೆ.

ಎರಡನೆಯದು ವಾಲು. ಮೋಟರ್‌ಸೈಕಲ್ಲನ್ನು ನೆಟ್ಟಗೆ ನಿಲ್ಲಿಸದೆ, ಸೈಡ್‌ಕಾರಿನಿಂದ ಆಚೆಗೆ, ಅಂದರೆ ಬಲಕ್ಕೆ, ಒಂದೆರಡು ಡಿಗ್ರಿ ವಾಲಿಸಿಡುತ್ತಾರೆ. ಪಕ್ಕದಲ್ಲಿ ಒಬ್ಬರು ಕೂತು ಸೈಡ್‌ಕಾರಿನ ಸ್ಪ್ರಿಂಗು ಒತ್ತಿದಾಗ ಗಾಡಿ ಎಡಕ್ಕೆ ಬಾಗಿ ಸರಿಯಾಗಿ ನೆಟ್ಟಗಾಗುತ್ತದೆ. ಇದಕ್ಕೆ ಇನ್ನೊಂದು ಕಾರಣವೂ ಉಂಟು. ನೀರು ಹರಿದುಹೋಗಲೆಂದು ರಸ್ತೆಯನ್ನು ನಡುವೆ ಉಬ್ಬಿಸಿ ಅಂಚಿಗೆ ಇಳಿಜಾರಾಗಿ ಮಾಡಿರುತ್ತಾರೆ. ಎಡಬದಿಯಲ್ಲಿ ಹೋಗುವ ಗಾಡಿ ತಾನಾಗಿಯೇ ಅಂಚಿನತ್ತ ಜಾರುತ್ತದೆ. ಡಾಂಬರು ಕಿತ್ತುಹೋಗಿ ಅಂಚು ಕುಸಿದ ಹಳ್ಳಿರಸ್ತೆಗಳಲ್ಲಿ ಈ ಜಾರು ಇನ್ನೂ ಹೆಚ್ಚು. ಮೂರನೆಯ ಅಳತೆ ಮುಂಚಾಚು: ಸೈಡ್‌ಕಾರಿನ ಗಾಲಿಯ ಅಚ್ಚು ಮೋಟರ್‌ಸೈಕಲ್ಲಿನ ಹಿಂಗಾಲಿಯ ಅಚ್ಚಿಗಿಂತ ಆರರಿಂದ ಹತ್ತು ಇಂಚು ಮುಂದಿರಬೇಕು. ಬಲತಿರುವಿನಲ್ಲಿ ಭಾರವೆಲ್ಲ ಎಡಮುಂದಕ್ಕೆ ನುಗ್ಗುತ್ತದೆ. ಅಲ್ಲೊಂದು ಗಾಲಿ ಮುಂದಾಗಿ ನಿಂತಿದ್ದರೆ ಸೈಡ್‌ಕಾರಿನ ಮೂತಿ ನೆಲಕ್ಕೆ ಬಗ್ಗುವುದಿಲ್ಲ. ತೀರ ಮುಂದೆ ತಂದರೆ ತಿರುಗುವಾಗ ಟೈರು ಅಡ್ಡಡ್ಡ ಉಜ್ಜಿ ಹ್ಯಾಂಡಲ್ಲು ಭಾರವಾಗುತ್ತದೆ.

ಅಳತೆಗಳೆಲ್ಲ ಸರಿಯಿದ್ದರೂ ಓಡಿಸುವ ಬಗೆ ಬೇರೆಯೇ. ಎರಡು ಗಾಲಿಯ ಗಾಡಿಯನ್ನು ತಿರುವಿನಲ್ಲಿ ವಾಲಿಸಿ ತಿರುಗಿಸುತ್ತಾರೆ. ಸೈಡ್‌ಕಾರ್ ಕಟ್ಟಿದ ಗಾಡಿ ವಾಲುವುದಿಲ್ಲ, ಹ್ಯಾಂಡಲ್ಲನ್ನು ತೋಳಬಲದಿಂದಲೇ ಹೊರಳಿಸಬೇಕು. ಎಕ್ಸಲರೇಟರು ಕೊಟ್ಟಾಗ ಮೋಟರ್‌ಸೈಕಲ್ಲು ಮುಂದೆ ಧಾವಿಸುತ್ತದೆ, ಪಕ್ಕದ ಭಾರ ಹಿಂದುಳಿಯುತ್ತದೆ, ಗಾಡಿ ಎಡಕ್ಕೆ ತಿರುಗುತ್ತದೆ. ಬ್ರೇಕ್ ಹಾಕಿದಾಗ ಮೋಟರ್‌ಸೈಕಲ್ಲು ನಿಧಾನವಾಗುತ್ತದೆ, ಸೈಡ್‌ಕಾರ್ ಮುಂದಕ್ಕೆ ನುಗ್ಗುತ್ತದೆ, ಗಾಡಿ ಬಲಕ್ಕೆ, ಎದುರಿನ ವಾಹನಗಳತ್ತ, ಹೊರಳುತ್ತದೆ. ಎರಡನೆಯದು ಅಪಾಯಕಾರಿ. ಒಳ್ಳೆಯ ಸೈಡ್‌ಕಾರಿನ ಗಾಲಿಗೂ ಬ್ರೇಕ್ ಇರಬೇಕು ಎನ್ನುವುದು ಇದಕ್ಕಾಗಿಯೇ. ಅಗ್ಗದ ಜೋಡಣೆಗಳಲ್ಲಿ ಈ ಬ್ರೇಕನ್ನೇ ಬಿಟ್ಟುಬಿಡುತ್ತಾರೆ, ಅದು ತಪ್ಪು.

ಎಡತಿರುವು ಇನ್ನೊಂದು ಪರೀಕ್ಷೆ. ತಿರುಗುವಾಗ ಭಾರ ಹೊರಗೆ, ಬಲಕ್ಕೆ, ತೂರಿಕೊಳ್ಳುತ್ತದೆ. ಒಳಬದಿಯಲ್ಲಿರುವ ಸೈಡ್‌ಕಾರ್ ಹಗುರಾಗಿ ಗಾಲಿ ನೆಲ ಬಿಡುತ್ತದೆ. ಒಂದು ಅಂದಾಜು ಲೆಕ್ಕ ಹಾಕಬಹುದು. ಸವಾರನೂ ಸೇರಿ ಮೋಟರ್‌ಸೈಕಲ್ಲು 240 ಕಿಲೋ, ಖಾಲಿ ಸೈಡ್‌ಕಾರ್ 80 ಕಿಲೋ, ಅದರ ಭಾರಕೇಂದ್ರ ಮೋಟರ್‌ಸೈಕಲ್ಲಿನ ಗೆರೆಯಿಂದ 80 ಸೆಂಟಿಮೀಟರ್ ಎಡಕ್ಕೆ ಎಂದಿಟ್ಟುಕೊಂಡರೆ, ಇಡೀ ಗಾಡಿಯ ಭಾರಕೇಂದ್ರ ಆ ಗೆರೆಯಿಂದ 20 ಸೆಂಟಿಮೀಟರ್ ಎಡಕ್ಕಿರುತ್ತದೆ. ಅದು ನೆಲದಿಂದ 60 ಸೆಂಟಿಮೀಟರ್ ಎತ್ತರದಲ್ಲಿದ್ದರೆ, 20 ಮೀಟರ್ ತ್ರಿಜ್ಯದ ಎಡತಿರುವಿನಲ್ಲಿ ಗಂಟೆಗೆ ಸುಮಾರು 29 ಕಿಲೋಮೀಟರ್ ವೇಗಕ್ಕೇ ಸೈಡ್‌ಕಾರ್ ಏಳತೊಡಗುತ್ತದೆ. 60 ಕಿಲೋ ತೂಕದ ಒಬ್ಬರನ್ನು ಅದರಲ್ಲಿ ಕೂರಿಸಿದರೆ ಈ ಮಿತಿ ಸುಮಾರು 35ಕ್ಕೆ ಏರುತ್ತದೆ. ಬೀದರಿನ ಪ್ರಸ್ಥಭೂಮಿಯಿಂದ ಮಾಂಜ್ರಾ ಬಯಲಿಗೆ ಇಳಿಯುವ ತಿರುವಿನಲ್ಲಿ ಬೇರೆಯವರು 40ರಲ್ಲಿ ಸಲೀಸಾಗಿ ಹೋಗುವಾಗ ಖಾಲಿ ಸೈಡ್‌ಕಾರಿನವನು ಯಾಕೆ ನಿಧಾನಿಸಬೇಕು ಎಂಬುದು ಇದರಿಂದ ಸ್ಪಷ್ಟ. ಹೊಸಬರು ಖಾಲಿ ಸೈಡ್‌ಕಾರಿನಲ್ಲಿ ಮರಳಿನ ಚೀಲ ಇಟ್ಟುಕೊಂಡು ಕಲಿಯಬೇಕು ಎಂದು ತಿಳಿದವರು ಹೇಳುವ ಮಾತಿಗೂ ಇದೇ ಆಧಾರ.

ಹಳ್ಳಿದಾರಿಯ ತೊಂದರೆ ಬೇರೆ ತರಹದ್ದು. ಎತ್ತಿನ ಬಂಡಿಗಳು ಎರೆಮಣ್ಣಿನಲ್ಲಿ ಎರಡು ಆಳವಾದ ಜಾಡು ಕೊರೆದಿರುತ್ತವೆ. ಸೈಕಲ್ಲು, ಮೋಟರ್‌ಸೈಕಲ್ಲುಗಳು ಒಂದು ಜಾಡು ಹಿಡಿದು ಹೋಗಬಹುದು. ಜೀಪು ಹೆಚ್ಚುಕಡಿಮೆ ಎರಡನ್ನೂ ಹಿಡಿಯುತ್ತದೆ. ಸೈಡ್‌ಕಾರ್ ಗಾಡಿಯ ಅಗಲ ಬಂಡಿಯ ಅಗಲಕ್ಕಿಂತ ಕಡಿಮೆ. ಹಾಗಾಗಿ ಅದರ ಒಂದು ಬದಿ ಜಾಡಿನೊಳಗೆ, ಇನ್ನೊಂದು ಬದಿ ದಿಣ್ಣೆಯ ಮೇಲೆ. ಸೈಡ್‌ಕಾರ್ ಎತ್ತರಕ್ಕೂ ಮೋಟರ್‌ಸೈಕಲ್ಲು ತಗ್ಗಿಗೂ ಬಿದ್ದರೆ ಇಡೀ ಗಾಡಿ ಬಲಕ್ಕೆ ವಾಲುತ್ತದೆ, ಮೇಲಿನ ಸರಳುಗಳ ಮೇಲೆ ಒತ್ತಡ ಬೀಳುತ್ತದೆ. ಗಾಲಿಯ ಕಡ್ಡಿಗಳಿಗೂ ಇದು ಕಷ್ಟ. ವಾಲಿ ತಿರುಗುವ ಗಾಡಿಯಲ್ಲಿ ಬಲವೆಲ್ಲ ಗಾಲಿಯ ಸಮತಲದಲ್ಲೇ ಹಾದುಹೋಗುತ್ತದೆ. ವಾಲದ ಗಾಡಿಯಲ್ಲಿ ಗಾಲಿಯನ್ನು ಪಕ್ಕಕ್ಕೆ ಮುರಿಯುವ ಬಲ ಪ್ರತಿ ತಿರುವಿನಲ್ಲೂ ಬೀಳುತ್ತದೆ. ಸೈಡ್‌ಕಾರ್ ಕಟ್ಟಿದ ಗಾಡಿಯ ಹಿಂಗಾಲಿಯಲ್ಲಿ ಕಡ್ಡಿ ಸಡಿಲಾಗುವುದೂ ಮುರಿಯುವುದೂ ಹೆಚ್ಚು.

ಎಂಜಿನ್ನಿನ ಕಡೆಯಿಂದ ಮುಖ್ಯ ಬದಲಾವಣೆ ಗೇರಿನ ಅನುಪಾತ. ಗೇರ್‌ಬಾಕ್ಸಿನ ಸ್ಪ್ರಾಕೆಟ್ಟನ್ನು ಒಂದೆರಡು ಹಲ್ಲು ಕಡಿಮೆ ಇರುವುದಕ್ಕೆ ಬದಲಿಸುತ್ತಾರೆ. ಗರಿಷ್ಠ ವೇಗ ಇಳಿಯುತ್ತದೆ, ಏರಿನಲ್ಲಿ ಎಳೆತ ಹೆಚ್ಚುತ್ತದೆ, ಕ್ಲಚ್ಚು ಸುಡುವುದು ತಪ್ಪುತ್ತದೆ. ಮುಂದಿನ ಫೋರ್ಕಿನಲ್ಲೂ ತಿದ್ದುಪಡಿ ಬೇಕು. ಹ್ಯಾಂಡಲ್ಲಿನ ಅಚ್ಚುಗೆರೆ ನೆಲ ಮುಟ್ಟುವ ಬಿಂದುವಿಗಿಂತ ಟೈರು ನೆಲ ಮುಟ್ಟುವ ಬಿಂದು ಎಷ್ಟು ಹಿಂದಿದೆ ಎಂಬ ಅಂತರ ಒಂಟಿ ಗಾಡಿಗೆ ನೇರ ಓಟದ ಸ್ಥಿರತೆ ಕೊಡುತ್ತದೆ. ಸೈಡ್‌ಕಾರ್ ಗಾಡಿಗೆ ಮೂರು ಗಾಲಿಗಳಿಂದಲೇ ಸ್ಥಿರತೆ ಇರುವುದರಿಂದ ಆ ಅಂತರವನ್ನು ಕಡಿಮೆ ಮಾಡಿದರೆ ಹ್ಯಾಂಡಲ್ಲು ಹಗುರವಾಗುತ್ತದೆ. ಆದರೆ ನಿಧಾನ ವೇಗದಲ್ಲಿ ಹ್ಯಾಂಡಲ್ಲು ಅಲ್ಲಾಡತೊಡಗುತ್ತದೆ. ಅದನ್ನು ತಡೆಯಲು ಸ್ಟಿಯರಿಂಗ್ ಡ್ಯಾಂಪರು ಬೇಕು. ಹಳೆಯ ಬ್ರಿಟಿಷ್ ಗಾಡಿಗಳ ಹ್ಯಾಂಡಲ್ಲಿನ ನಡುವೆ ಕಾಣುವ ದೊಡ್ಡ ತಿರುಗುಗುಂಡಿ ಇದರದ್ದೇ.

ಯುದ್ಧಕ್ಕಾಗಿ ಕಟ್ಟಿದ ಸೈಡ್‌ಕಾರುಗಳು ಇನ್ನೂ ಮುಂದೆ ಹೋದವು. 633 ಸಿಸಿಯ ನಾರ್ಟನ್ ಬಿಗ್ ಫೋರ್ ಗಾಡಿಯಲ್ಲಿ ಸೈಡ್‌ಕಾರಿನ ಗಾಲಿಗೂ ಎಂಜಿನ್ನಿನ ಬಲ ತಲುಪಿಸುವ ದಂಡ ಇತ್ತು. ಡಿಫರೆನ್ಷಿಯಲ್ ಇರಲಿಲ್ಲ, ಕೆಸರಿನಲ್ಲಿ ಸಿಕ್ಕಿಕೊಂಡಾಗ ಮಾತ್ರ ಕೊಂಡಿ ಹಾಕಿ ಬಳಸಬೇಕಿತ್ತು. 1941ರಿಂದ ತಯಾರಾದ ಜರ್ಮನಿಯ ಬಿಎಂಡಬ್ಲ್ಯು ಆರ್75 ಇದನ್ನು ಪೂರ್ಣಗೊಳಿಸಿತು. 745 ಸಿಸಿ, 26 ಅಶ್ವಶಕ್ತಿ, ಲಾಕ್ ಮಾಡಬಹುದಾದ ಡಿಫರೆನ್ಷಿಯಲ್, ರಸ್ತೆಗೆ ಒಂದು ಮತ್ತು ಕಾಡುದಾರಿಗೆ ಒಂದು ಗೇರು ಸಾಲು, ಹಿಮ್ಮುಖ ಗೇರು, ಹಿಂಗಾಲಿಗೂ ಸೈಡ್‌ಕಾರಿನ ಗಾಲಿಗೂ ಹೈಡ್ರಾಲಿಕ್ ಬ್ರೇಕ್. ಸೋವಿಯತ್ ಒಕ್ಕೂಟ ಬಿಎಂಡಬ್ಲ್ಯುವಿನ ಹಿಂದಿನ ಮಾದರಿ ಆರ್71ನ್ನು ಆಧರಿಸಿ ಎಂ-72 ಮಾಡಿತು. ಯುದ್ಧದಲ್ಲಿ ಮಾಸ್ಕೋದಿಂದ ಉರಲ್ ಪರ್ವತಗಳಾಚೆಯ ಇರ್ಬಿತ್ ಪಟ್ಟಣಕ್ಕೆ ಕಾರ್ಖಾನೆ ಸಾಗಿತು. ಇಂದಿಗೂ ಹಳೆಯ ಶೈಲಿಯಲ್ಲೇ ಬರುವ ಉರಲ್ ಗಾಡಿ ಅದರ ಸಂತತಿ: ಎರಡು ಬದಿಗೆ ಚಾಚಿದ ಸಿಲಿಂಡರುಗಳ 749 ಸಿಸಿ ಎಂಜಿನ್ನು, ಚೈನಿನ ಬದಲು ಶಾಫ್ಟು, ನಾಲ್ಕು ಮುಮ್ಮುಖ ಮತ್ತು ಒಂದು ಹಿಮ್ಮುಖ ಗೇರು, ಒಂದಕ್ಕೊಂದು ಬದಲಿಸಬಹುದಾದ ಗಾಲಿಗಳು, ಬೆನ್ನಿಗೆ ಹೆಚ್ಚುವರಿ ಗಾಲಿ. ಕೆಲವು ಮಾದರಿಗಳಲ್ಲಿ ಸೈಡ್‌ಕಾರಿನ ಗಾಲಿಗೂ ಬಲ ಹರಿಸಬಹುದು. ಮಳೆಗಾಲದ ಔರಾದದ ಎರೆದಾರಿಯಂಥ ನೆಲಕ್ಕೆ ಹೊಂದುವ ಸೈಡ್‌ಕಾರ್ ಈ ಬಗೆಯದು. ಹಿಂಗಾಲಿಯೊಂದನ್ನೇ ನಂಬಿದ ಸಾಮಾನ್ಯ ಸೈಡ್‌ಕಾರಿಗೆ ಆ ಕೆಸರು ಆಗಿಬರುವುದಿಲ್ಲ.

ಕರ್ನಾಟಕದ ನೆಲದಲ್ಲಿ ಓಡಿದ ಅತಿ ಪ್ರಸಿದ್ಧ ಸೈಡ್‌ಕಾರ್ ಯಾವುದು ಎಂದರೆ ಉತ್ತರ ಸುಲಭ. 1975ರ ಆಗಸ್ಟ್ 15ರಂದು ತೆರೆಕಂಡ ಹಿಂದಿ ಚಿತ್ರ ‘ಶೋಲೆ’ಯ ಬಹುಭಾಗ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾಯಿತು, ಇಬ್ಬರು ಗೆಳೆಯರು ಹಾಡುತ್ತಾ ಹೋಗುವ ಗಾಡಿ ಬಿಎಸ್‌ಎ ಡಬ್ಲ್ಯುಎಂ20. ಹಾಡಿನ ನಡುವೆ ಸೈಡ್‌ಕಾರ್ ಕಳಚಿಕೊಂಡು ಬೇರೆ ದಾರಿ ಹಿಡಿದು ಮತ್ತೆ ಬಂದು ಸೇರುತ್ತದೆ. ನಿಜವಾದ ಸೈಡ್‌ಕಾರಿಗೆ ಇರುವುದು ಒಂದೇ ಗಾಲಿ. ಬಿಡಿಸಿದ ಕ್ಷಣವೇ ಅದು ಪಕ್ಕಕ್ಕೆ ಕುಸಿಯುತ್ತದೆ. ಆ ದೃಶ್ಯ ಸಿನಿಮಾದ ಕೈಚಳಕ. ಬೀದರ್‌ನಿಂದ ಬೆಂಗಳೂರಿನವರೆಗೆ ಸೈಡ್‌ಕಾರನ್ನು ಎಂದೂ ಮುಟ್ಟಿನೋಡದ ಜನರಿಗೂ ಅದರ ಆಕಾರ ಕಣ್ಣಲ್ಲಿ ಕಟ್ಟಿರುವುದು ಈ ಹಾಡಿನಿಂದ.

ಚಿತ್ರ ಬಂದ ಹತ್ತು ವರ್ಷದೊಳಗೆ ಸೈಡ್‌ಕಾರಿನ ಕಾಲ ಇಳಿಯತೊಡಗಿತು. ಬ್ರಿಟನ್ನಿನಲ್ಲಿ 1959ರ ಮಿನಿ ಕಾರು ಮಾಡಿದ್ದನ್ನು ಭಾರತದಲ್ಲಿ 1983ರ ಮಾರುತಿ 800 ಮಾಡಿತು: ಸೈಡ್‌ಕಾರಿನ ಕುಟುಂಬಕ್ಕೆ ಛಾವಣಿ ಸಿಕ್ಕಿತು. 1985ರಲ್ಲಿ ಬಂದ ಹೀರೊ ಹೋಂಡಾ ಸಿಡಿ100 ಹಗುರ ಗಾಡಿಯ ರುಚಿ ಹತ್ತಿಸಿತು. ಅಂಥ ಗಾಡಿಗೆ ಸೈಡ್‌ಕಾರಿನ ಭಾರ ಸಲ್ಲದು. ಭಾರ ಹೊರುವ ಕೆಲಸ ಆಟೋಗಳಿಗೂ ಟೆಂಪೋಗಳಿಗೂ ಹೋಯಿತು. ಬೀದರ್, ಭಾಲ್ಕಿ, ಔರಾದಗಳ ನಡುವಿನ ಹಳ್ಳಿ ಪ್ರಯಾಣಿಕರಿಗೆ ಟಂಟಂ ಎಂಬ ಮೂರು ಗಾಲಿಯ ಬಾಡಿಗೆ ಗಾಡಿ ಬಂದ ಮೇಲಂತೂ ಇಬ್ಬರನ್ನು ಹೊರುವ ಪಕ್ಕದ ಪೆಟ್ಟಿಗೆಗೆ ಬೆಲೆಯೇ ಉಳಿಯಲಿಲ್ಲ. 325 ಸಿಸಿ, 6.5 ಅಶ್ವಶಕ್ತಿಯ ಡೀಸೆಲ್ ಬುಲೆಟ್ಟು ಇಂಧನ ಉಳಿಸಿ ರೈತರ, ವ್ಯಾಪಾರಿಗಳ ಮೆಚ್ಚುಗೆ ಪಡೆದಿತ್ತು. ಆದರೆ ಸೈಡ್‌ಕಾರ್ ಎಳೆಯುವಷ್ಟು ಕಸುವು ಅದಕ್ಕಿರಲಿಲ್ಲ.

ಬಳಕೆಯಿಂದ ಮರೆಯಾದರೂ ಕಾನೂನಿನಲ್ಲಿ ಸೈಡ್‌ಕಾರಿಗೆ ಸ್ಥಾನ ಉಳಿದಿದೆ. 1988ರ ಮೋಟಾರು ವಾಹನಗಳ ಕಾಯ್ದೆಯ 2(27)ನೇ ಕಲಮು ಮೋಟರ್‌ಸೈಕಲ್ಲಿನ ವ್ಯಾಖ್ಯೆಯಲ್ಲೇ ಬಿಚ್ಚಿಡಬಹುದಾದ ಸೈಡ್‌ಕಾರನ್ನೂ ಸೇರಿಸಿಕೊಳ್ಳುತ್ತದೆ. ಹೆಲ್ಮೆಟ್ಟಿನ 129ನೇ ಕಲಮು ಮೂಲರೂಪದಲ್ಲಿ ಸೈಡ್‌ಕಾರಿನಲ್ಲಿ ಕೂತವರಿಗೆ ವಿನಾಯಿತಿ ಕೊಟ್ಟಿತ್ತು. ಆದರೆ ವಾಹನದ ಮಾರ್ಪಾಡಿಗೆ ಸಂಬಂಧಿಸಿದ 52ನೇ ಕಲಮು ಕಟ್ಟುನಿಟ್ಟು: ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗುವ ಬದಲಾವಣೆ ಸಲ್ಲದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿಯಿತು. ಜಿಲ್ಲೆಯಲ್ಲಿ ಬೀದರ್‌ನ ಕೆಎ-38, ಭಾಲ್ಕಿಯ ಕೆಎ-39 ಮತ್ತು ಬಸವಕಲ್ಯಾಣದ ಕೆಎ-56 ಕಚೇರಿಗಳಿವೆ. ಗಾಡಿಗೆ ಸೈಡ್‌ಕಾರ್ ಕಟ್ಟಿಸಬೇಕೆನ್ನುವವರು ವೆಲ್ಡಿಂಗ್ ಅಂಗಡಿಗೆ ಹೋಗುವ ಮೊದಲು ನೋಂದಣಿ ಕಚೇರಿಗೆ ಹೋಗಬೇಕು.

ಗುಜರಿಯಲ್ಲೋ ಮನೆಯ ಹಿತ್ತಲಲ್ಲೋ ಹಳೆಯ ಸೈಡ್‌ಕಾರ್ ಚಾಸಿಸ್ ಸಿಕ್ಕವರು ಅದನ್ನು ತುಂಡರಿಸುವ ಮುನ್ನ ಕೊಂಡಿಗಳ ಜಾಗ, ಸರಳುಗಳ ಉದ್ದ, ಗಾಲಿಯ ಅಚ್ಚಿನ ಅಳತೆ ಬರೆದಿಟ್ಟುಕೊಳ್ಳಬೇಕು. ಒಳಮುಖ, ವಾಲು, ಮುಂಚಾಚುಗಳನ್ನು ಕಣ್ಣಳತೆಯಲ್ಲೇ ಹೊಂದಿಸುತ್ತಿದ್ದ ಹಿರಿಯ ಮಿಸ್ತ್ರಿಗಳು ಇನ್ನೂ ಅಲ್ಲಲ್ಲಿ ಇದ್ದಾರೆ. ಅವರನ್ನು ಕೇಳಿ ತಿಳಿದು ದಾಖಲಿಸುವ ಕೆಲಸವನ್ನು ಊರಿನ ಐಟಿಐ, ಪಾಲಿಟೆಕ್ನಿಕ್‌ಗಳ ವಿದ್ಯಾರ್ಥಿಗಳು ಈಗಲೇ ಕೈಗೆತ್ತಿಕೊಳ್ಳಬೇಕು.